ಗುತ್ತಿಗೆದಾರ: ನಾನು ತಪ್ಪಾಗಿ ತಿದ್ದಿದ ಒಂದು ಪದ



ಬಹಳ ವರ್ಷಗಳ ಹಿಂದೆ ರಾಮನಾಥಪುರದ ಷಷ್ಠಿ ಜಾತ್ರೆಯನ್ನು ಕುರಿತು ಪ್ರಬಂಧ ಬರೆಯುವಂತೆ ತರಗತಿಗೆ ಹೇಳಿದ್ದೆ. ಒಬ್ಬ ಹುಡುಗ ‘ನಮ್ಮ ತಂದೆಯವರು ಹುಣಸೆಮರಗಳ ಗುತ್ತಿಗೆದಾರರು’ ಎಂದು ಬರೆದಿದ್ದ. ಕನ್ನಡದ ‘ಗುತ್ತಿಗೆ’ಗೆ ಪಾರಸಿಯ ‘ದಾರ’ ಸೇರಿದೆಯೆಂದು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಅರಿಸಮಾಸ’ ಎಂದು ಬರೆದೆ. ತರಗತಿಯಲ್ಲಿ ಓದಿಯೂ ಹೇಳಿದೆ. ಮಕ್ಕಳು ನಕ್ಕರು. ಆತ ತಲೆ ತಗ್ಗಿಸಿ ಕುಳಿತ.

ನಿವೃತ್ತಿಯ ಬಳಿಕ ಪಾರಸಿಯ ಪದರಚನೆಯನ್ನು ಸ್ವಲ್ಪ ಅಭ್ಯಸಿಸಿದೆ. ಆ ಭಾಷೆಯಲ್ಲಿ ‘ದಾಶ್ತನ್’ ಎಂದರೆ ಹೊಂದಿರು, ಹಿಡಿದಿರು. ಅದರ ವರ್ತಮಾನ ಧಾತುರೂಪ ‘ದಾರ್’. ನಾಮಪದದ ಮುಂದೆ ಅದನ್ನಿರಿಸಿದರೆ ‘ಉಳ್ಳವನು’ ಎಂಬ ಅರ್ಥ ಬರುತ್ತದೆ. ತಹಸೀಲ್ದಾರ, ಅಮಲ್ದಾರ, ಜಮೀನ್ದಾರ ಎಲ್ಲವೂ ಹೀಗೆಯೇ ಹುಟ್ಟಿದವು. ‘ಬೇ’ ಎಂದರೆ ಇಲ್ಲದ. ಬೇ, ಜವಾಬ್, ದಾರ್, ಈ – ಈ ನಾಲ್ಕೂ ಸೇರಿ ನಮ್ಮ ‘ಬೇಜವಾಬ್ದಾರಿ’. ‘ಖಾನೆ’ ಎಂದರೆ ಮನೆ, ‘ಶುಮಾರ್’ ಎಂದರೆ ಎಣಿಕೆ; ಹಿಂದೆ ಜನಗಣತಿಗೆ ‘ಖಾನೇಷುಮಾರಿ’ ಎನ್ನುತ್ತಿದ್ದುದು ಇದರಿಂದಲೇ. ಜಾತ್ರೆಯ ಪೊಲೀಸ್ ‘ಬಂದೋಬಸ್ತ್’ನಲ್ಲಿರುವುದು ಕಟ್ಟು ಎಂಬರ್ಥದ ಒಂದೇ ಧಾತುವಿನ ಎರಡು ರೂಪಗಳು, ನಡುವಿನ ‘ಓ’ಕಾರಕ್ಕೆ ‘ಮತ್ತು’ ಎಂದರ್ಥ.

ಇಂದಿನ ಇರಾನಿನ ಆಡುಮಾತಿನಲ್ಲಿ ‘ಖಾನೆ’ ‘ಖೂನೆ’ಯಾಗಿದೆ, ‘ಬೇ’ ‘ಬೀ’ ಆಗಿದೆ. ಹೋಗುತ್ತೇನೆ ಎಂಬರ್ಥದ ‘ಮೀರವಮ್’ ಬಾಯಲ್ಲಿ ಸವೆದು ‘ಮೀರಮ್’ ಆಗುತ್ತದೆ, ನಮ್ಮ ‘ಹೋಗುತ್ತೇನೆ’ ‘ಹೋಗ್ತೀನಿ’ ಆದಂತೆ. ಅಲ್ಲಿ ಮರೆಯಾದ ‘ಬೇ’ ಎಂಬ ಹಳೆಯ ಉಚ್ಚಾರಣೆ ನಮ್ಮ ಹಳ್ಳಿಗರ ನಾಲಿಗೆಯಲ್ಲಿ ಉಳಿದಿದೆ!

ಈ ಪದಗಳು ರಾಜಕಾರಣದ ಬೆನ್ನೇರಿ ಬಂದವು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದಿಂದ ಉತ್ತರ ಕರ್ನಾಟಕದಲ್ಲಿ ಪಾರಸಿ ಆಸ್ಥಾನಭಾಷೆಯಾಗಿ ಬೆಳೆಯಿತು. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ (1782–1799) ಕಂದಾಯದ ಲೆಕ್ಕಪತ್ರಗಳನ್ನೂ ಪ್ರವೇಶಿಸಿತು. 1799ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೂ ಅಮಲ್ದಾರ, ಶಿರಸ್ತೆದಾರ, ಜಮಾಬಂದಿ ಉಳಿದವು. ದೊರೆಗಳು ಬದಲಾದರೂ ಕಂದಾಯ ತೆರುವ ರೈತ ಬದಲಾಗಲಿಲ್ಲವಷ್ಟೆ.

ಆ ರೈತ ಪದಗಳನ್ನು ಹೊತ್ತದ್ದು ಮಾತ್ರವಲ್ಲ, ಪ್ರತ್ಯಯವನ್ನೇ ಪಳಗಿಸಿಕೊಂಡ. ಪಾಲುದಾರ, ಗುತ್ತಿಗೆದಾರ, ಷೇರುದಾರ, ಮತದಾರ ಪದಗಳು ಪಾರಸಿಯಿಂದ ಬಂದವಲ್ಲ, ಇಲ್ಲಿಯೇ ಹುಟ್ಟಿದವು. ಕೇಶಿರಾಜನ ಕಾಲದಿಂದ ಬಂದ ಅರಿಸಮಾಸದ ನಿಯಮವಾದರೋ ಸಂಸ್ಕೃತ ಮತ್ತು ಕನ್ನಡದ ಎರಡು ಸ್ವತಂತ್ರ ಪದಗಳ ಕೂಡಿಕೆಯನ್ನು ಕುರಿತದ್ದು. ‘ಉಳ್ಳವನು’ ಎಂಬರ್ಥದಲ್ಲಿ ‘ದಾರ’ ಕನ್ನಡದಲ್ಲಿ ಒಂಟಿಯಾಗಿ ನಿಲ್ಲದು. ಅದು ತದ್ಧಿತ ಪ್ರತ್ಯಯದಂತೆ ವರ್ತಿಸುತ್ತದೆ. ಹಾಗಾಗಿ ಅಲ್ಲಿ ಅರಿಸಮಾಸವೇ ಇರಲಿಲ್ಲ.

ಆ ಹುಡುಗ ಬರೆದದ್ದು ತನ್ನ ತಂದೆಯ ಕಾಯಕದ ಹೆಸರನ್ನು. ನಾನು ಗೆರೆ ಎಳೆದದ್ದು ಅದರ ಮೇಲೆ. ಈಗ ಎಲ್ಲಿರುವನೋ ತಿಳಿಯದು. ಇದನ್ನು ಓದುವಂತಾದರೆ, ಮಗೂ, ಆ ಅರ್ಧ ಅಂಕ ನಿನಗೆ ಸಲ್ಲಬೇಕಾದದ್ದು, ತಪ್ಪು ನನ್ನದು.