ಮುತ್ತೋಡಿ: ಕಾಡು ಎಣಿಸಿದವರು, ಕಾಡು ಬಿಟ್ಟು ಬಂದವರು

ಭಾಗ 1

ರಜೆ ಹತ್ತಿರ ಬಂತು ಅಂದ್ರೆ ಈ ಪೇಜಿಗೆ ಒಂದೇ ಥರದ ಮೆಸೇಜು ಶುರುವಾಗುತ್ತೆ. "ಆಫ್ರಿಕಾದಲ್ಲಿ ವೈಲ್ಡ್‌ಲೈಫ್ ವಾಲಂಟಿಯರ್ ಆಗ್ಬೇಕು, ಎಲ್ಲಿ ಸೇರೋದು?" ಕೀನ್ಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ. ವಾರಕ್ಕೆ ಇಷ್ಟು ಡಾಲರ್ ಅಂತ ನಾವೇ ಕಟ್ಟಿ, ನಾವೇ ಕೆಲಸ ಮಾಡಿ ಬರುವ ವ್ಯವಸ್ಥೆ. ಹೋಗ್ಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ದುಡ್ಡಿದ್ರೆ ಹೋಗಿ ಬನ್ನಿ, ಸೆರೆಂಗೆಟಿ ನೋಡೋದು ಎಲ್ಲರಿಗೂ ಸಿಗುವ ಭಾಗ್ಯ ಅಲ್ಲ.

ಆದ್ರೆ ಚಿಕ್ಕಮಗಳೂರು ಪೇಟೆಯಿಂದ ನಲವತ್ತು ಕಿಲೋಮೀಟರಿನೊಳಗೆ ಮುತ್ತೋಡಿ ಇದೆ. ಸಂಬಳ ಇಲ್ಲದೆ ಕಾಡಿನ ಕೆಲಸ ಮಾಡೋದಕ್ಕೆ ನಮ್ಮ ಈ ಕಾಫಿ ಸೀಮೆಯಲ್ಲೇ ಒಂದು ಇತಿಹಾಸ ಇದೆ. ಅದರಲ್ಲಿ 'ಸ್ವಯಂ' ಅನ್ನೋ ಪದ ಎರಡು ಕಡೆ ಬರುತ್ತೆ. ಒಂದು, ಸ್ವಯಂಸೇವಕರು. ಇನ್ನೊಂದು, ಸ್ವಯಂಪ್ರೇರಿತ ಪುನರ್ವಸತಿ, ಅಂದ್ರೆ ಊರವರು ತಾವಾಗಿಯೇ ಮನೆಮಠ ಬಿಟ್ಟು ಹೊರಗೆ ಬರೋದು. ಮೊದಲನೆಯವರ ಫೋಟೊ ಎಲ್ಲ ಕಡೆ ಸಿಗುತ್ತೆ. ಎರಡನೆಯವರದು ಹುಡುಕಬೇಕು. ಈ ಕಂತಿನಲ್ಲಿ ಇಬ್ಬರ ಕಥೆಯನ್ನೂ ಒಟ್ಟಿಗೇ ಹೇಳ್ತೀನಿ.

ಭಾಗ 2

ಮುತ್ತೋಡಿ ಅಂತ ನಾವು ಕರೆಯೋದು ಭದ್ರಾ ಅಭಯಾರಣ್ಯದ ಒಂದು ಭಾಗವನ್ನ. 1951ರಲ್ಲಿ, ಮೈಸೂರು ಸರ್ಕಾರದ ಕಾಲದಲ್ಲಿ, ಜಾಗರ ಕಣಿವೆಯನ್ನ ವನ್ಯಮೃಗಗಳಿಗೆ ಅಂತ ಬೇರೆ ಮಾಡಿದ್ರು. 1974ರಲ್ಲಿ ಲಕ್ಕವಳ್ಳಿ ಕಡೆಯ ಕಾಡನ್ನೂ ಸೇರಿಸಿ ಭದ್ರಾ ಅಭಯಾರಣ್ಯ ಅಂತ ಹೆಸರಿಟ್ರು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹೆಚ್ಚೂಕಡಿಮೆ 500 ಚದರ ಕಿಲೋಮೀಟರ್. ಒಂದು ಕಡೆ ಬಾಬಾಬುಡನ್‌ಗಿರಿ ಸಾಲು, ಇನ್ನೊಂದು ಕಡೆ ಭದ್ರಾ ಅಣೆಕಟ್ಟಿನ ಹಿನ್ನೀರು, ಅಂಚಿಗೆಲ್ಲ ಕಾಫಿ ತೋಟ.

ಕಾಗದದ ಮೇಲೆ ಅಭಯಾರಣ್ಯ ಆದ ಕೂಡಲೇ ಮೃಗಗಳಿಗೆ ಅಭಯ ಸಿಗಲಿಲ್ಲ, ಬಿಡಿ. ನಮ್ಮ ಕಡೆ ಶಿಕಾರಿ ಅಂದ್ರೆ ಗೌರವದ ಹವ್ಯಾಸ. ಹಳೇ ತೋಟದ ಮನೆಗಳ ಗೋಡೆ ಮೇಲೆ ಕಾಟಿ ಕೊಂಬು, ಕಡವೆ ಕೊಂಬು ನೀವೂ ನೋಡಿರ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ ಆಯ್ತು. ಕೆಲವರು ಕೋವಿ ಕೆಳಗಿಟ್ಟು ಬೈನಾಕ್ಯುಲರ್ ಹಿಡಿದ್ರು, ಕೆಲವರು ಇಡಲಿಲ್ಲ.

ಆ ಕಾಲದಲ್ಲಿ ಹೊರಗಿನವರಿಗೆ ಕಾಡಿನ ಕೆಲಸಕ್ಕೆ ಕರೆ ಬರ್ತಿದ್ದದ್ದು ಹುಲಿ ಗಣತಿಗೆ. ನೆಲದ ಮೇಲಿನ ಹೆಜ್ಜೆ ಗುರುತಿನ ಮೇಲೆ ಗಾಜಿಟ್ಟು ಅಂಚು ಬರೆದುಕೊಳ್ಳೋದು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯೋದು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ ಬೇರೆ, ಹಾಗಾಗಿ ಹೆಜ್ಜೆ ನೋಡಿ ಹುಲಿಗಳನ್ನ ಒಂದೊಂದಾಗಿ ಎಣಿಸಬಹುದು ಅನ್ನೋದು ಆ ಪದ್ಧತಿಯ ನಂಬಿಕೆ. ಕೆಸರಲ್ಲಿ ಊರಿದ ಹೆಜ್ಜೆಯೇ ಬೇರೆ, ಧೂಳಲ್ಲಿ ಊರಿದ ಅದೇ ಕಾಲಿನ ಹೆಜ್ಜೆಯೇ ಬೇರೆ ಕಾಣುತ್ತೆ ಅಂತ ಉಲ್ಲಾಸ ಕಾರಂತರು 1980ರ ದಶಕದಿಂದಲೇ ಬರೀತಾ ಬಂದ್ರು. ಆದ್ರೂ ಸರ್ಕಾರ ಅದನ್ನ ಬಿಟ್ಟಿದ್ದು ರಾಜಸ್ಥಾನದ ಸಾರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲ ಅಂತ 2005ರಲ್ಲಿ ಬಯಲಾದ ಮೇಲೆ.

ಭಾಗ 3

ಆಫ್ರಿಕಾಕ್ಕೂ ಮಲೆನಾಡಿಗೂ ಇರೋ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಸೆರೆಂಗೆಟಿ ಬಯಲು. 1958ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಮಗ ಮೈಕೆಲ್, ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರುತ್ತಾ ಹಿಂಡುಗಳನ್ನ ಎಣಿಸಿದ್ರು (ಮರುವರ್ಷ ಮೈಕೆಲ್ ಅಂಥದ್ದೇ ಹಾರಾಟದಲ್ಲಿ ತೀರಿಕೊಂಡ್ರು). ಮುತ್ತೋಡಿ ಮೇಲೆ ವಿಮಾನ ಹಾರಿಸಿದ್ರೆ ನಿಮಗೆ ಕಾಣೋದು ಮರದ ತಲೆ, ಬಿದಿರು ಮೆಳೆ. ಕೆಳಗೆ ನೂರು ಕಾಟಿ ಇದ್ರೂ ಗೊತ್ತಾಗಲ್ಲ. ಹಾಗಾಗಿ ಇಲ್ಲಿ ನಡೆಯಬೇಕು.

ನಡೆಯೋದಕ್ಕೂ ಒಂದು ಕ್ರಮ ಇದೆ, ಅದನ್ನ ಲೈನ್ ಟ್ರಾನ್ಸೆಕ್ಟ್ ಅಂತಾರೆ. ಕಾಡಿನೊಳಗೆ ಮೊದಲೇ ಗುರುತು ಮಾಡಿದ ಗೆರೆ. ಕಾಲ ಕೆಳಗೆ ಸದ್ದಾಗಬಾರದು ಅಂತ ತರಗೆಲೆ ಸರಿಸಿ ಇಟ್ಟಿರ್ತಾರೆ. ಬೆಳಗಿನ ಜಾವ ಇಬ್ಬರು ಹೊರಡೋದು. ಮಾತಿಲ್ಲ, ಕೆಮ್ಮಿಲ್ಲ, ಸೆಂಟ್ ಹಾಕ್ಕೊಂಡು ಬರೋ ಹಾಗಿಲ್ಲ. ಜಿಂಕೆ ಕಂಡ್ರೆ ನಾಲ್ಕು ವಿಷಯ ಬರ್ಕೊಳ್ಳಬೇಕು: ಯಾವ ಪ್ರಾಣಿ, ಎಷ್ಟು, ಎಷ್ಟು ದೂರ, ಗೆರೆಯಿಂದ ಎಷ್ಟು ಕೋನ. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ಕಂಪಾಸ್. ದೂರ 60 ಮೀಟರ್, ಕೋನ 30 ಡಿಗ್ರಿ ಅಂದ್ರೆ ಗೆರೆಯಿಂದ ಅಡ್ಡಕ್ಕೆ 30 ಮೀಟರ್. ಗೆರೆ ಹತ್ತಿರ ಇದ್ದ ಪ್ರಾಣಿ ಸುಲಭವಾಗಿ ಕಣ್ಣಿಗೆ ಬೀಳುತ್ತೆ, ದೂರ ಹೋದ ಹಾಗೆ ತಪ್ಪಿಹೋಗುತ್ತೆ. ಎಷ್ಟು ತಪ್ಪಿಹೋಗ್ತಿದೆ ಅನ್ನೋದನ್ನ ಈ ಅಡ್ಡ ದೂರಗಳಿಂದಲೇ ಲೆಕ್ಕ ಹಾಕಿ, ಕಾಣದ ಪ್ರಾಣಿಯನ್ನೂ ಲೆಕ್ಕಕ್ಕೆ ತಗೊಳ್ತಾರೆ. ಕಣ್ಣಂದಾಜಿನಲ್ಲಿ "ಐವತ್ತು ಮೀಟರ್ ಇರಬಹುದು" ಅಂತ ಬರೆದ ವಾಲಂಟಿಯರ್ ಇಡೀ ಲೆಕ್ಕ ಕೆಡಿಸ್ತಾನೆ. ಅದಕ್ಕೇ ತರಬೇತಿ.

ಕಾರಂತರು ಇದನ್ನ ನಾಗರಹೊಳೆಯಲ್ಲಿ ಶುರು ಮಾಡಿ, ಆಮೇಲೆ ಭದ್ರಾಕ್ಕೂ ತಂದ್ರು. ದೇವಚರಣ್ ಜತ್ತನ್ನ ಮತ್ತು ಜೊತೆಗಾರರು ಭದ್ರಾದ ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆ ಲೆಕ್ಕ ಹಾಕಿ ಬರೆದ ಪ್ರಬಂಧ 2003ರಲ್ಲಿ ಪ್ರಕಟವಾಯ್ತು. ಇಂಥ ಕೆಲಸಕ್ಕೆ ನೂರಾರು ಬೆಳಗು ಬೇಕು, ನೂರಾರು ಜೊತೆ ಕಾಲು ಬೇಕು. ತೋಟದವರ ಮಕ್ಕಳು, ಕಾಲೇಜು ಹುಡುಗ ಹುಡುಗಿಯರು, ಬೆಂಗಳೂರಿನಿಂದ ರಜೆ ಹಾಕಿ ಬಂದವರು ನಡೆದ್ರು. ಬಹಳ ಬೆಳಗುಗಳಲ್ಲಿ ಏನೂ ಕಾಣಲ್ಲ. ಆಗ 'ಏನೂ ಇಲ್ಲ' ಅಂತ ಬರೆದು ಬರಬೇಕು. ಫೋಟೊ ಇಲ್ಲ, ಸ್ಟೋರಿ ಹಾಕೋಕೆ ಏನೂ ಇಲ್ಲ. ನನ್ನ ಪ್ರಕಾರ ಒಳ್ಳೇ ವಾಲಂಟಿಯರ್ ಯಾರು ಅಂತ ಗೊತ್ತಾಗೋದೇ ಆ ಬೆಳಗುಗಳಲ್ಲಿ.

ನಡುವೆ ಒಂದು ಮಾತು: ಮೂಡಿಗೆರೆಯ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಅದರಲ್ಲಿ ವಿಜ್ಞಾನಿಗೆ ಬೇಕಾದವನು ಡಿಗ್ರಿ ಇದ್ದವನಲ್ಲ, ಜೇನು ಹಿಡಿಯೋ ಮಂದಣ್ಣ. ಕಾಡಿನ ವಾಚರ್‌ಗಳ ಜೊತೆ ಒಂದು ದಿನ ನಡೆದವರಿಗೆ ಅದು ಯಾಕೆ ಅಂತ ವಿವರಿಸಬೇಕಾಗಿಲ್ಲ.

ಭಾಗ 4

ಈಗ ಕಳಸದ ಕಡೆ ಬನ್ನಿ. ಮುತ್ತೋಡಿಯ ಪಕ್ಕದ ಹಿನ್ನೀರಿಗೆ ಬರೋ ನೀರು ಹೊರಡೋದು ಕುದುರೆಮುಖದ ಗಂಗಾಮೂಲದಿಂದ, ಹಾದು ಬರೋದು ಕಳಸದ ಮೇಲೆ. ಹೊರನಾಡಿಗೆ ಹೋಗೋವಾಗ ಹೆಬ್ಬಾಳೆ ಸೇತುವೆ ಮುಳುಗಿ ಈಚೆ ದಡದಲ್ಲಿ ಕಾದವರಿಗೆ ಈ ಭದ್ರೆ ಚೆನ್ನಾಗಿ ಗೊತ್ತು.

1980ರ ದಶಕದ ಮೊದಲ ಭಾಗದಲ್ಲಿ ಕಾರಂತರು ಈ ಬೆಟ್ಟಗಳಲ್ಲಿ ಸಿಂಗಳೀಕಗಳನ್ನ ಹುಡುಕಿಕೊಂಡು ಓಡಾಡಿದ್ರು. ಆ ಅಧ್ಯಯನದ ಬೆನ್ನಿಗೇ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಯ್ತು, ಸುಮಾರು 600 ಚದರ ಕಿಲೋಮೀಟರ್. ಆದ್ರೆ ಅದರ ಹೊಟ್ಟೆಯೊಳಗೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿ ಇತ್ತು. ಕಂಪನಿ ಹುಟ್ಟಿದ್ದು 1976ರಲ್ಲಿ. ಗಣಿ ಮುಂದುವರಿಯಬಾರದು ಅಂತ ನಾಗರಹೊಳೆಯ ನಿವೃತ್ತ ರೇಂಜರ್ ಕೆ.ಎಂ. ಚಿಣ್ಣಪ್ಪ ಮತ್ತು ವೈಲ್ಡ್‌ಲೈಫ್ ಫಸ್ಟ್ ಬಳಗ ಸುಪ್ರೀಂ ಕೋರ್ಟಿಗೆ ಹೋದ್ರು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು.

ಮಳೆಗಾಲದ ಹೊಳೆಯಲ್ಲಿ ಎಷ್ಟು ಹೂಳು ಬರ್ತಿದೆ ಅಂತ ಅಳೆಯೋ ಕೆಲಸವನ್ನೂ ಆ ವರ್ಷಗಳಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮಾಡಿದ್ರು. ನೀರು ಹರಿದು ಬರೋ ಪ್ರದೇಶದ ಚಿಕ್ಕ ಪಾಲಷ್ಟೇ ಆಗಿದ್ದ ಗಣಿಯಿಂದ ಹೂಳಿನ ದೊಡ್ಡ ಪಾಲು ಬರ್ತಿತ್ತು. ಕೆಂಪು ನೀರು ನೋಡಿ "ಹೊಳೆ ಹಾಳಾಯ್ತು" ಅನ್ನೋದು ಒಂದು, ಲೀಟರಿಗೆ ಎಷ್ಟು ಹೂಳು ಅಂತ ಬರೆದಿಡೋದು ಇನ್ನೊಂದು.

ಆದ್ರೆ ಕುದುರೆಮುಖದಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಣಿ ಹೋಗುತ್ತೆ, ಆಮೇಲೆ ನಮ್ಮನ್ನೂ ಎಬ್ಬಿಸ್ತಾರೆ ಅನ್ನೋ ಹೆದರಿಕೆ ಉದ್ಯಾನದೊಳಗಿದ್ದ ಮಲೆಕುಡಿಯರಿಗೆ, ಸಣ್ಣ ಕೃಷಿಕರಿಗೆ ಹತ್ತಿತ್ತು. ವಿರೋಧಿ ಒಕ್ಕೂಟ ಕಟ್ಟಿದ್ರು, ಮೆರವಣಿಗೆ ಮಾಡಿದ್ರು. ಆ ಸಿಟ್ಟಿನ ನಡುವೆ ನಕ್ಸಲರೂ ಬಂದ್ರು, 2003ರಿಂದ ಗುಂಡಿನ ಸದ್ದೂ ಕೇಳಿತು. ಹುಲಿ ಫೋಟೊ ಇರೋ ಟೀ ಶರ್ಟ್ ಹಾಕ್ಕೊಂಡು ಬಂದವರನ್ನ ಊರಿನವರು ಅನುಮಾನದಿಂದ ನೋಡೋಕೆ ಕಾರಣ ಇತ್ತು.

ಭಾಗ 5

ಅದೇ ಹೊತ್ತಲ್ಲಿ, ಅದೇ ಜಿಲ್ಲೆಯಲ್ಲಿ, ಭದ್ರಾದಲ್ಲಿ ಬೇರೆಯೇ ಒಂದು ನಡೀತು. ಇದನ್ನ ಸ್ವಲ್ಪ ನಿಧಾನ ಓದಿ.

ಅಭಯಾರಣ್ಯದ ಒಳಗೆ ಹತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು. ಗದ್ದೆ, ಕೊಟ್ಟಿಗೆ, ದೇವಸ್ಥಾನ ಎಲ್ಲ ಇದ್ದ ಊರುಗಳು. ಅಲ್ಲಿನ ಬದುಕು ಹೇಗಿತ್ತು ಅನ್ನೋದಕ್ಕೆ ಎಂ.ಡಿ. ಮಧುಸೂದನ್ ಅವರ ಅಧ್ಯಯನ ಇದೆ. ಪ್ರತಿ ವರ್ಷ ಊರವರ ದನಕರುಗಳಲ್ಲಿ ನೂರಕ್ಕೆ ಸುಮಾರು 12ನ್ನ ಹುಲಿ, ಚಿರತೆ ಹಿಡೀತಿದ್ದವು. ಬೆಳೆದ ಧಾನ್ಯದಲ್ಲಿ ನೂರಕ್ಕೆ ಸುಮಾರು 11 ಪಾಲು ಆನೆ ಪಾಲಾಗ್ತಿತ್ತು. ರಾತ್ರಿಯೆಲ್ಲ ಗದ್ದೆ ಕಾದು, ಬೆಂಕಿ ಹಾಕಿ, ತಮಟೆ ಬಡಿದೂ ಇಷ್ಟು. ಮಳೆಗಾಲದಲ್ಲಿ ಕಾಯಿಲೆ ಬಿದ್ರೆ ಹಳ್ಳ ದಾಟಿಸಿ ಆಸ್ಪತ್ರೆಗೆ ಒಯ್ಯೋದೇ ಒಂದು ಸಾಹಸ. ಕಾಡಿನ ಕಾನೂನು ಬಿಗಿಯಾದ ಹಾಗೆ ರಸ್ತೆ, ಕರೆಂಟು ಬರೋ ಆಸೆಯೂ ಹೋಯ್ತು.

ಹೊರಗೆ ಬರೋ ಮಾತು ವರ್ಷಗಟ್ಟಲೆ ನಡೀತು. ಇಲ್ಲಿ ವಾಲಂಟಿಯರ್‌ಗಳ ಕೆಲಸ ಕಂಪಾಸ್ ಹಿಡಿಯೋದಲ್ಲ. ಡಿ.ವಿ. ಗಿರೀಶ್ ಅವರ ಭದ್ರಾ ವನ್ಯಜೀವಿ ಸಂರಕ್ಷಣಾ ಟ್ರಸ್ಟಿನಂಥ ಸ್ಥಳೀಯರು ಊರವರಿಗೂ ಇಲಾಖೆಗಳಿಗೂ ನಡುವೆ ಓಡಾಡಿದ್ರು. ಕಚೇರಿಯಲ್ಲಿ ಫೈಲು ಕೂತ್ರೆ ಹೋಗಿ ಕೇಳೋದು. ಇದನ್ನ ಯಾವ ಬ್ರೋಷರ್‌ನಲ್ಲೂ 'ವೈಲ್ಡ್‌ಲೈಫ್ ಅನುಭವ' ಅಂತ ಮಾರೋಕಾಗಲ್ಲ. ಆದ್ರೆ ಭದ್ರಾದಲ್ಲಿ ಹೆಚ್ಚು ಬೆಲೆ ಬಾಳಿದ ಸಂಬಳ ಇಲ್ಲದ ಕೆಲಸ ಇದೇ ಅಂತ ನನಗೆ ಅನ್ಸುತ್ತೆ.

2001 ಮತ್ತು 2002ರಲ್ಲಿ 419 ಕುಟುಂಬಗಳು ಹೊರಗೆ ಬಂದವು. ಲಕ್ಕವಳ್ಳಿ ಕಡೆಯ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು, ಕೆಳಗೂರಿನಲ್ಲಿ ಇನ್ನೊಂದು ನೆಲೆ. ಬರೀ ಚೆಕ್ ಕೊಟ್ಟು ಕಳಿಸಲಿಲ್ಲ, ಭೂಮಿಗೆ ಭೂಮಿ ಕೊಟ್ರು. ದೇಶದಲ್ಲಿ ಇಂಥ ಪುನರ್ವಸತಿಗಳ ಕಥೆ ಹೆಚ್ಚಾಗಿ ಕಣ್ಣೀರಿನದ್ದೇ ಆಗಿರೋದ್ರಿಂದ ಭದ್ರಾದ ಹೆಸರು ಎಲ್ಲ ಕಡೆ ಬಂತು. ಕೃತಿ ಕಾರಂತ್ 2002ರಲ್ಲಿ ಮತ್ತು 2006ರಲ್ಲಿ ಎರಡು ಸಲ ಮನೆಮನೆಗೆ ಹೋಗಿ ಕೇಳಿ ಬರೆದ ಅಧ್ಯಯನ 2007ರಲ್ಲಿ ಪ್ರಕಟವಾಯ್ತು. ಹತ್ತರಲ್ಲಿ ಏಳು ಮಂದಿ ಬದುಕು ತೃಪ್ತಿಕರ ಅಂದ್ರು. ಶಾಲೆ, ಆಸ್ಪತ್ರೆ, ಬಸ್ಸು ಹತ್ತಿರ ಆಗಿತ್ತು, ರಾತ್ರಿ ಆನೆ ಕಾಯೋದು ತಪ್ಪಿತ್ತು.

ಹತ್ತರಲ್ಲಿ ಏಳು. ಇದನ್ನ ಯಶಸ್ಸು ಅಂತ ಬರೆದವರು ತಪ್ಪು ಬರೆದಿಲ್ಲ. ಉಳಿದ ಮೂವರ ಮಾತನ್ನ ಮಾತ್ರ ಯಾರೂ ಪೋಸ್ಟರ್ ಮಾಡಲ್ಲ. ಅಜ್ಜ ನೆಟ್ಟ ಹಲಸಿನ ಮರಕ್ಕೆ ಯಾವ ಇಲಾಖೆ ಎಷ್ಟು ಬೆಲೆ ಕಟ್ಟಿದ್ರೂ ಅದು ಹಲಸಿನ ಮರದ ಬೆಲೆ ಅಷ್ಟೇ. ಇನ್ನು 'ತಾವಾಗಿಯೇ' ಬಂದ್ರು ಅನ್ನೋದು. ಬಂದೂಕು ತೋರಿಸಿ ಯಾರೂ ಎಬ್ಬಿಸಲಿಲ್ಲ, ಅದು ನಿಜ. ಬೆಳೆಯನ್ನ ಆನೆ ತಿಂದು, ರಸ್ತೆಯನ್ನ ಕಾನೂನು ತಡೆದ ಮೇಲೆ ಒಬ್ಬ ಮನುಷ್ಯ "ಸರಿ, ಹೋಗ್ತೀನಿ" ಅಂದ್ರೆ ಅದರಲ್ಲಿ ಮನಸ್ಸೆಷ್ಟು, ಬೇಸತ್ತು ಒಪ್ಪಿದ್ದೆಷ್ಟು? ಎರಡೂ ಇತ್ತು ಅಂತ ನಾನು ಓದ್ಕೊಂಡಿದೀನಿ.

ಭಾಗ 6

ಈಗ ಮತ್ತೆ ಸೆರೆಂಗೆಟಿ. ನೀವು ವಾಲಂಟಿಯರ್ ಆಗಿ ಹೋಗೋಕೆ ಕನಸು ಕಾಣೋ ಆ ಬಯಲಿನ ಒಳಗೂ ಜನ ಇದ್ರು. ಮಾಸಾಯಿಗಳು, ದನ ಕಾಯೋರು. 1959ರಲ್ಲಿ ಉದ್ಯಾನದ ಗಡಿ ಬದಲಾಯಿಸಿ ಅವರನ್ನ ಪಕ್ಕದ ಗೊರೊಂಗೊರೊಗೆ ಕಳಿಸಿದ್ರು. ಹಿರಿಯರು ಒಪ್ಪಿ ಸಹಿ ಹಾಕಿದ್ರು ಅಂತ ಅಲ್ಲಿಯ ಕಾಗದವೂ ಹೇಳುತ್ತೆ. ಗ್ರಿಮೆಕ್ ಸಿನಿಮಾ ಜಗತ್ತೆಲ್ಲ ನೋಡಿತು, ಮಾಸಾಯಿಗಳ ತಕರಾರು ಇವತ್ತಿಗೂ ಕೋರ್ಟು ಕಚೇರಿ ಸುತ್ತುತ್ತಿದೆ.

ನಮ್ಮಲ್ಲಿ 2006ರಲ್ಲಿ ಎರಡು ಕಾನೂನು ಬಂದವು. ವನ್ಯಜೀವಿ ಕಾಯ್ದೆಯ ತಿದ್ದುಪಡಿ, ಹುಲಿ ಕಾಡಿಂದ ಜನರನ್ನ ಕಳಿಸೋದಿದ್ರೆ ಅದು ಸ್ವಯಂಪ್ರೇರಿತ ಆಗಿರಬೇಕು ಅಂತ ಬರೀತು. ಅರಣ್ಯ ಹಕ್ಕು ಕಾಯ್ದೆ, ಗ್ರಾಮಸಭೆಯ ಒಪ್ಪಿಗೆ ಬೇಕು ಅಂತ. ಭದ್ರಾದವರು ಹೊರಬಂದ ಮೇಲೆ ಬಂದ ಕಾನೂನುಗಳು ಇವು. ಆಮೇಲೆ ಬಂದ ಪ್ಯಾಕೇಜು ಕುಟುಂಬಕ್ಕೆ 10 ಲಕ್ಷ, 2021ರಿಂದ 15 ಲಕ್ಷ. ಕುದುರೆಮುಖದ ಒಳಗೆ ಈ ಲೆಕ್ಕಾಚಾರ ಮಾಡ್ತಾ ಕೂತ ಮನೆಗಳು ಬಹಳ ಕಾಲದಿಂದ ಇವೆ. ಇಷ್ಟು ದುಡ್ಡಿಗೆ ಕಳಸ ಪೇಟೆ ಸುತ್ತ ಎಷ್ಟು ಕಾಫಿ ತೋಟ ಬರುತ್ತೆ ಅಂತ ನಿಮಗೆ ಗೊತ್ತಲ್ಲ.

ಮುತ್ತೋಡಿ ಒಳಗೆ ಬಿಟ್ಟು ಬಂದ ಗದ್ದೆಗಳು ಈಗ ಹುಲ್ಲುಗಾವಲು. ಕಾಟಿ, ಜಿಂಕೆ ಮೇಯ್ತವೆ. ಸಫಾರಿ ಜೀಪು ನಿಲ್ಲಿಸಿ ಫೋಟೊ ತೆಗೆಯೋಕೆ ಒಳ್ಳೇ ಜಾಗ.

ಎಂ.ಸಿ. ಹಳ್ಳಿ ಅಥವಾ ಕೆಳಗೂರಿನವರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೋರಿಕೆ. ನಿಮ್ಮ ಅಪ್ಪ ಅಮ್ಮನ ಟ್ರಂಕಿನಲ್ಲಿ ಹಳೇ ಊರಿನ ಫೋಟೊ ಇರಬಹುದು: ಮದುವೆಯದ್ದು, ಶಾಲೆಯದ್ದು, ಗದ್ದೆ ನಾಟಿಯದ್ದು. ಮಸುಕಾಗಿದ್ರೂ ಪರವಾಗಿಲ್ಲ. ಊರಿನ ಹೆಸರು, ವರ್ಷ ಬರೆದು ಕಳಿಸಿ. ಮುಂದಿನ ಕಂತು ಪೂರ್ತಿ ಅವಕ್ಕೇ ಇಟ್ಟಿದೀನಿ.

#ಮುತ್ತೋಡಿ #ಭದ್ರಾ #ಕಳಸ #ಕುದುರೆಮುಖ #ಮಲೆನಾಡುಇತಿಹಾಸ