ಅರಮನೆಯಿಂದ ರಾಜಭವನಕ್ಕೆ: ಕರ್ನಾಟಕದ ರಾಜ್ಯಪಾಲ ಪದವಿಯ ಚರಿತ್ರೆ

'ರಾಜ್ಯಪಾಲ' ಎಂಬ ಸಮಾಸದ ಉತ್ತರಪದವಾದ 'ಪಾಲ' ಶಬ್ದಕ್ಕೆ ಕಾಯುವವನು, ಪೊರೆಯುವವನು ಎಂಬುದು ಮೂಲಾರ್ಥ. ದ್ವಾರಪಾಲ, ಗೋಪಾಲ ಎಂಬಲ್ಲಿ ಈ ಅರ್ಥ ನಿಚ್ಚಳವಾಗಿದೆ. ಭೂಪಾಲ ಎಂಬಲ್ಲಿ ಮಾತ್ರ ಕಾಯುವವನೇ ಆಳುವವನೂ ಆಗಿಬಿಡುತ್ತಾನೆ. ಭಾರತದ ರಾಜ್ಯಪಾಲರು ದ್ವಾರಪಾಲರೋ ಭೂಪಾಲರೋ ಎಂಬ ಪ್ರಶ್ನೆ ಸಂವಿಧಾನದಷ್ಟೇ ಹಳೆಯದು. ಆ ಪ್ರಶ್ನೆಗೆ ನ್ಯಾಯಾಲಯ ನೀಡಿದ ಅತ್ಯಂತ ಸ್ಪಷ್ಟವಾದ ಉತ್ತರ ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ದೊರೆಯಿತೆಂಬುದು ಈ ನಾಡಿನ ರಾಜಕೀಯ ಚರಿತ್ರೆಯ ಮುಖ್ಯ ಸಂಗತಿ. ಅಲ್ಲಿಗೆ ತಲುಪಿದ ದಾರಿಯನ್ನು ತಿಳಿಯಬೇಕಾದರೆ ಪದವಿಯ ಚರಿತ್ರೆಯನ್ನೂ ಪದವಿಯಲ್ಲಿದ್ದವರ ಚರಿತ್ರೆಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಕೇಂದ್ರದ ಅರಸನ ಪರವಾಗಿ ಪ್ರಾಂತವನ್ನು ನೋಡಿಕೊಳ್ಳುವವರು ಕನ್ನಡ ನಾಡಿಗೆ ಹೊಸಬರಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಬಂಕೆಯನೂ ಅನಂತರ ಅವನ ಮಗ ಲೋಕಾದಿತ್ಯನೂ ಬನವಾಸಿ ನಾಡನ್ನು ಆಳಿದುದು ಪ್ರಸಿದ್ಧವಾಗಿಯೇ ಇದೆ. ಬಂಕಾಪುರದ ಹೆಸರು ಇಂದಿಗೂ ಆ ಆಳ್ವಿಕೆಯ ಗುರುತಾಗಿ ಉಳಿದಿದೆ. ಆದರೆ ಅಂದಿನ ಪ್ರಾಂತಾಧಿಪತಿಯ ಕೈಯಲ್ಲಿ ದಂಡೂ ಇತ್ತು, ತೆರಿಗೆಯೂ ಇತ್ತು. ಸಂವಿಧಾನದ ರಾಜ್ಯಪಾಲರಿಗೆ ಇವೆರಡೂ ಇಲ್ಲ. ರಾಜ್ಯದ ಕಾರ್ಯಾಂಗದ ಅಧಿಕಾರವೆಲ್ಲ ಅವರ ಹೆಸರಿನಲ್ಲಿದ್ದರೂ 163ನೆಯ ವಿಧಿಯಂತೆ ಅವರು ಮಂತ್ರಿಮಂಡಲದ ನೆರವು ಮತ್ತು ಸಲಹೆಯಂತೆ ನಡೆಯಬೇಕು. ಸಂವಿಧಾನವೇ ವಿವೇಚನೆಗೆ ಬಿಟ್ಟ ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಮುಂದಿನ ವಿವಾದಗಳೆಲ್ಲ ಹುಟ್ಟಿದ್ದು ಈ 'ಹೊರತು' ಎಂಬ ಕಿರಿದಾದ ಜಾಗದಲ್ಲಿಯೇ.

ಈ ಪದವಿಯ ಸ್ವರೂಪವನ್ನು ಕುರಿತು ಸಂವಿಧಾನ ಸಭೆಯಲ್ಲಿಯೂ ಒಮ್ಮತವಿರಲಿಲ್ಲ. ರಾಜ್ಯಪಾಲರನ್ನು ಜನರೇ ಚುನಾಯಿಸಬೇಕೆಂಬ ಆಲೋಚನೆ ಮೊದಲು ಪ್ರಬಲವಾಗಿತ್ತು. ಜನರಿಂದ ಆರಿಸಿಬಂದ ರಾಜ್ಯಪಾಲರೂ ಶಾಸನಸಭೆಯ ಬೆಂಬಲವುಳ್ಳ ಮುಖ್ಯಮಂತ್ರಿಯೂ ಎದುರುಬದುರಾದರೆ ಗತಿಯೇನು ಎಂಬ ಆತಂಕ ಒಂದು ಕಡೆ, ದೇಶವಿಭಜನೆಯ ನಂತರ ಒಕ್ಕೂಟದ ಐಕ್ಯವನ್ನು ಕಾಯಬೇಕೆಂಬ ಕಾಳಜಿ ಇನ್ನೊಂದು ಕಡೆ ಕೆಲಸ ಮಾಡಿದವು. 1949ರ ಮೇ ತಿಂಗಳಿನ ಚರ್ಚೆಯಲ್ಲಿ ಚುನಾವಣೆಯನ್ನು ಕೈಬಿಟ್ಟು ರಾಷ್ಟ್ರಪತಿಗಳ ನೇಮಕಾತಿಯನ್ನು ಒಪ್ಪಿಕೊಳ್ಳಲಾಯಿತು. ಅವಧಿ 5 ವರ್ಷ ಎಂದು ಬರೆದರೂ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ಎಂಬ ಷರತ್ತನ್ನು 156ನೆಯ ವಿಧಿ ಸೇರಿಸಿತು. ಹೀಗಾಗಿ ರಾಜ್ಯದ ಮುಖ್ಯಸ್ಥರ ಉಳಿವು ಕೇಂದ್ರದ ಕೈಯಲ್ಲಿ ನಿಂತಿತು. ಪ್ರಮಾಣವಚನದಲ್ಲಿ ಮಾತ್ರ ಅವರು ಮಾತು ಕೊಡುವುದು ಸಂವಿಧಾನಕ್ಕೆ ಮತ್ತು ರಾಜ್ಯದ ಜನತೆಯ ಸೇವೆಗೆ.

ಸಂವಿಧಾನ ಜಾರಿಗೆ ಬಂದಾಗ ಕನ್ನಡಿಗರೆಲ್ಲರಿಗೂ ಒಬ್ಬರೇ ರಾಜ್ಯಪಾಲರಿರಲಿಲ್ಲ. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡಗಳು ಮುಂಬಯಿಯ ರಾಜ್ಯಪಾಲರ ಅಧೀನದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸಿನ ರಾಜ್ಯಪಾಲರ ವ್ಯಾಪ್ತಿಯಲ್ಲಿದ್ದವು. ಬೀದರ, ಗುಲ್ಬರ್ಗ, ರಾಯಚೂರುಗಳಿಗೆ ಹೈದರಾಬಾದಿನ ನಿಜಾಮರು ರಾಜಪ್ರಮುಖರು. ಕೊಡಗಿಗೆ ಚೀಫ್ ಕಮಿಷನರ್. ಹಳೆಯ ಮೈಸೂರಿಗೆ ಜಯಚಾಮರಾಜೇಂದ್ರ ಒಡೆಯರೇ ರಾಜಪ್ರಮುಖರು. ಒಂದು ಭಾಷೆಯ ಜನ ಐದು ಮಂದಿಯ ಹೆಸರಿನಲ್ಲಿ ಹೊರಡುವ ಆಜ್ಞೆಗಳಿಗೆ ಒಳಪಟ್ಟಿದ್ದರು. ಏಕೀಕರಣದ ಅಗತ್ಯವನ್ನು ವಿವರಿಸಲು ಈ ಪಟ್ಟಿಯೊಂದೇ ಸಾಕು.

ರಾಜಪ್ರಮುಖ ಎಂಬ ಪದವಿ ಒಂದು ಸಂಧಿಕಾಲದ ಏರ್ಪಾಡು. ವಿಲೀನಗೊಂಡ ಸಂಸ್ಥಾನಗಳಿದ್ದ 'ಬಿ' ವರ್ಗದ ರಾಜ್ಯಗಳಲ್ಲಿ ರಾಜ್ಯಪಾಲರ ಸ್ಥಾನವನ್ನು ಸಾಮಾನ್ಯವಾಗಿ ಹಿಂದಿನ ಅರಸರಲ್ಲೊಬ್ಬರು ವಹಿಸುತ್ತಿದ್ದರು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿಯೇ 'ಮೈಸೂರು ಚಲೋ' ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ಬಂದಿತ್ತು. 1950ರ ಜನವರಿ 26ರಂದು ಅವರು ರಾಜಪ್ರಮುಖರಾದರು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿ ಆ ಪದವಿಯನ್ನು ರದ್ದುಗೊಳಿಸಿದಾಗ, ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರಿಗೆ ಅವರೇ ಮೊದಲ ರಾಜ್ಯಪಾಲರಾದರು. ಮಹಾರಾಜ, ರಾಜಪ್ರಮುಖ, ರಾಜ್ಯಪಾಲ ಎಂಬ ಮೂರು ಬಿರುದುಗಳೂ ಒಬ್ಬರೇ ವ್ಯಕ್ತಿಯಲ್ಲಿ ಕ್ರಮವಾಗಿ ಕೂಡಿದ್ದರಿಂದ ಹಳೆಯ ಮೈಸೂರಿನ ಜನಕ್ಕೆ ಈ ಬದಲಾವಣೆ ಹಠಾತ್ತಾದ ಮುರಿತವಾಗಿ ಕಾಣಲಿಲ್ಲ.

ಸಂಗೀತಜ್ಞರೂ ವಾಗ್ಗೇಯಕಾರರೂ ತತ್ತ್ವಶಾಸ್ತ್ರದ ಅಭ್ಯಾಸಿಗಳೂ ಆಗಿದ್ದ ಒಡೆಯರು ಪಕ್ಷರಾಜಕೀಯದಿಂದ ದೂರವಿದ್ದರು. 1964ರ ಮೇ 4ರಂದು ಅವರನ್ನು ಮದರಾಸಿನ ರಾಜ್ಯಪಾಲರನ್ನಾಗಿ ಕಳುಹಿಸಲಾಯಿತು. ಇದು ಮೇಲುನೋಟಕ್ಕೆ ಒಂದು ವರ್ಗಾವಣೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ವಂಶಪಾರಂಪರ್ಯದ ಕೊನೆಯ ಎಳೆ ಕಡಿದದ್ದು ಅಂದು. ತನ್ನ ನೆಲದಲ್ಲಿ ಅರಸನಾಗಿದ್ದವರು ಪರರಾಜ್ಯದಲ್ಲಿ ನೇಮಕಗೊಂಡ ಅಧಿಕಾರಿಯಾದರು. ಅವರ ಸ್ಥಾನಕ್ಕೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಎಸ್.ಎಂ. ಶ್ರೀನಾಗೇಶ್ ಬಂದರು. ಅಲ್ಲಿಂದ ಮುಂದೆ ಈ ಪದವಿಗೆ ಬಂದವರ ಗೌರವ ನಿಂತಿದ್ದು ಅವರು ಹಿಂದೆ ಮಾಡಿದ ಕೆಲಸದ ಮೇಲೆ ಮತ್ತು ಇಲ್ಲಿ ನಡೆದುಕೊಂಡ ರೀತಿಯ ಮೇಲೆ.

ಪದವಿಯ ನೆಲೆಯಾದ ಬೆಂಗಳೂರಿನ ಕಟ್ಟಡಕ್ಕೂ ಇಂಥದೇ ಚರಿತ್ರೆಯಿದೆ. ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ, 1840ರ ದಶಕದ ಆರಂಭದಲ್ಲಿ, ಮಾರ್ಕ್ ಕಬ್ಬನ್ ಅದನ್ನು ತನ್ನ ನಿವಾಸವಾಗಿ ಕಟ್ಟಿಸಿದ. 1881ರಲ್ಲಿ ಆಳ್ವಿಕೆ ಒಡೆಯರ ಮನೆತನಕ್ಕೆ ಮರಳಿದ ಮೇಲೆ ಅದು ರೆಸಿಡೆಂಟರ ವಾಸಸ್ಥಾನವಾಗಿ 'ರೆಸಿಡೆನ್ಸಿ' ಎನಿಸಿತು. ಸ್ವಾತಂತ್ರ್ಯಾನಂತರ ಅದೇ ರಾಜಭವನವಾಯಿತು. ಹೊರಗಿನ ಪ್ರಭುತ್ವದ ಕಣ್ಣಾಗಿ ಸಂಸ್ಥಾನದ ಮೇಲೆ ನಿಗಾ ಇಟ್ಟಿದ್ದ ಮನೆಯಲ್ಲಿಯೇ ಸಂವಿಧಾನದ ಪ್ರತಿನಿಧಿ ನೆಲೆಸಿದರು. ನಂತರದ ದಶಕಗಳಲ್ಲಿ ರಾಜ್ಯಪಾಲರನ್ನು ಕೇಂದ್ರದ ರೆಸಿಡೆಂಟರೆಂದು ಟೀಕಿಸಿದವರ ಮಾತಿಗೆ ಈ ಕಟ್ಟಡದ ಪೂರ್ವಕಥೆ ಒಂದು ರೂಪಕವನ್ನು ಒದಗಿಸುತ್ತದೆ.

ಪದವಿಯಲ್ಲಿದ್ದವರ ಸಾಲನ್ನು ನೋಡಿದರೆ ಎರಡು ಬಗೆಯ ಹಿನ್ನೆಲೆಗಳು ಎದ್ದುಕಾಣುತ್ತವೆ. ಒಂದು, ರಾಜಕಾರಣ. 1965ರಲ್ಲಿ ಬಂದ ವಿ.ವಿ. ಗಿರಿ ಮತ್ತು ಅವರ ನಂತರದ ಜಿ.ಎಸ್. ಪಾಠಕ್ ಇಬ್ಬರೂ ಇಲ್ಲಿಂದ ಉಪರಾಷ್ಟ್ರಪತಿಗಳಾದರು. ಗಿರಿಯವರು ಮುಂದೆ ರಾಷ್ಟ್ರಪತಿಗಳೂ ಆದರು. ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಮೋಹನ್‌ಲಾಲ್ ಸುಖಾಡಿಯಾ 1972ರಲ್ಲಿ ಬಂದರು. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂದು ಹೆಸರಾದಾಗ ಅವರೇ ರಾಜ್ಯಪಾಲರಾಗಿದ್ದುದರಿಂದ, ಮೈಸೂರಿನ ರಾಜ್ಯಪಾಲರು ಎನಿಸಿಕೊಂಡವರಲ್ಲಿ ಕೊನೆಯವರೂ ಕರ್ನಾಟಕದ ರಾಜ್ಯಪಾಲರಲ್ಲಿ ಮೊದಲಿಗರೂ ಅವರೇ. ಇನ್ನೊಂದು, ಆಡಳಿತ ಸೇವೆ. ಧರ್ಮವೀರ, ಗೋವಿಂದ ನಾರಾಯಣ, ಮಹಾಲೇಖಪಾಲರಾಗಿದ್ದ ಟಿ.ಎನ್. ಚತುರ್ವೇದಿ ಈ ಸಾಲಿಗೆ ಸೇರುತ್ತಾರೆ. 1999ರ ಡಿಸೆಂಬರಿನಲ್ಲಿ ಬಂದ ವಿ.ಎಸ್. ರಮಾದೇವಿಯವರು ಈ ಪದವಿಗೇರಿದ ಮೊದಲ ಮಹಿಳೆ. ಮುಖ್ಯ ಚುನಾವಣಾ ಆಯುಕ್ತರ ಹುದ್ದೆಯನ್ನು ವಹಿಸಿದ ಮೊದಲ ಮಹಿಳೆಯೂ ಅವರೇ. ಅವರಿಗೆ ಹಿಂದೆ ಖುರ್ಷಿದ್ ಆಲಂ ಖಾನ್ 1991ರಿಂದ ಸುಮಾರು ಒಂಬತ್ತು ವರ್ಷ ಪದವಿಯಲ್ಲಿದ್ದರು.

ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ಭಾಷಣ, ಮಸೂದೆಗಳಿಗೆ ಅಂಕಿತ, ಸುಗ್ರೀವಾಜ್ಞೆಗಳು, ವಿಶ್ವವಿದ್ಯಾಲಯಗಳ ಕುಲಾಧಿಪತಿ ಸ್ಥಾನ — ಇವು ಪದವಿಯ ನಿತ್ಯದ ಕೆಲಸಗಳು. ಆಳ್ವಿಕೆ ಸುಗಮವಾಗಿರುವವರೆಗೆ ಜನರ ಗಮನ ರಾಜಭವನದ ಕಡೆ ಹರಿಯುವುದಿಲ್ಲ. ಸರ್ಕಾರದ ಬಹುಮತ ಅಲುಗಾಡಿದ ಕೂಡಲೇ ಅದರ ಬಾಗಿಲು ಎಲ್ಲರಿಗೂ ಮುಖ್ಯವಾಗುತ್ತದೆ. 1971ರಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದ ಮೇಲೆ ರಾಜ್ಯವು ಮೊದಲ ಬಾರಿಗೆ ರಾಷ್ಟ್ರಪತಿ ಆಳ್ವಿಕೆಯನ್ನು ಕಂಡಿತು. ಸುಮಾರು ಒಂದು ವರ್ಷ ಆಡಳಿತದ ಹೊಣೆ ಧರ್ಮವೀರರ ಮೇಲಿತ್ತು. 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರ್ಕಾರ ವಜಾಗೊಂಡಿತು. ಎರಡು ತಿಂಗಳೊಳಗೆ ಚುನಾವಣೆಯಲ್ಲಿ ಗೆದ್ದು ಅರಸರು ಮರಳಿ ಅಧಿಕಾರಕ್ಕೆ ಬಂದದ್ದು ಆ ಕ್ರಮಕ್ಕೆ ಜನರು ಕೊಟ್ಟ ಉತ್ತರವಾಗಿತ್ತು.

ಬಹುಮತವನ್ನು ಅಳೆಯಬೇಕಾದದ್ದು ಎಲ್ಲಿ ಎಂಬ ವಿಚಾರದಲ್ಲಿ ಬಲ್ಲವರಿಗೆ ಸಂದೇಹವಿರಲಿಲ್ಲ. ಗಿರಿಯವರು ರಾಷ್ಟ್ರಪತಿಗಳಾಗಿದ್ದಾಗ ನೇಮಿಸಿದ, ಭಗವಾನ್ ಸಹಾಯ್ ಅಧ್ಯಕ್ಷತೆಯ ರಾಜ್ಯಪಾಲರ ಸಮಿತಿಯೇ 1971ರಲ್ಲಿ ಅದನ್ನು ಸದನದಲ್ಲಿ ಪರೀಕ್ಷಿಸಬೇಕೆಂದು ಹೇಳಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ರಾಜ್ಯಪಾಲ ಪದವಿಯನ್ನು ಕುರಿತು ಶ್ವೇತಪತ್ರವನ್ನೇ ಹೊರಡಿಸಿತು. ಅದೇ ವರ್ಷ ನೇಮಕಗೊಂಡ ಸರ್ಕಾರಿಯಾ ಆಯೋಗವೂ ಇದೇ ಅಭಿಪ್ರಾಯವನ್ನು ದೃಢಪಡಿಸಿತು. ರಾಜ್ಯಪಾಲರಾಗುವವರು ಹೊರರಾಜ್ಯದವರೂ ಸಕ್ರಿಯ ರಾಜಕಾರಣದಿಂದ ದೂರವಿದ್ದವರೂ ಆಗಿರಬೇಕೆಂದು ಸೂಚಿಸಿತು. ಇವೆಲ್ಲ ಸಲಹೆಗಳು. ಪಾಲಿಸದಿದ್ದರೆ ಕೇಳುವವರಿರಲಿಲ್ಲ.

1989ರ ಏಪ್ರಿಲ್ ತಿಂಗಳಿನ ಘಟನೆಗಳು ಈ ಕೊರತೆಯನ್ನು ಬಯಲಿಗೆಳೆದವು. ಎಸ್.ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಿಂದ ಮುಖ್ಯಮಂತ್ರಿಯಾಗಿದ್ದರು. ಮಂತ್ರಿಮಂಡಲದ ವಿಸ್ತರಣೆಯ ಬೆನ್ನಲ್ಲಿಯೇ ಆಡಳಿತ ಪಕ್ಷದ ಶಾಸಕರೊಬ್ಬರು ಬೆಂಬಲ ಹಿಂತೆಗೆದುಕೊಂಡು, 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನ ಆ 19 ಮಂದಿಯಲ್ಲಿ 7 ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆ ಎಂದು ರಾಜ್ಯಪಾಲರಿಗೇ ಬರೆದರು. ವಿಧಾನಸಭೆ ಏಪ್ರಿಲ್ 27ಕ್ಕೆ ಸೇರಲಿತ್ತು. ಬೇಕಾದರೆ ಅದಕ್ಕೂ ಮೊದಲೇ ಸದನವನ್ನು ಕರೆದು ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ತಿಳಿಸಿದರು. ಸದನಕ್ಕೆ ಆ ಅವಕಾಶ ಸಿಗಲಿಲ್ಲ. ರಾಜ್ಯಪಾಲರಿಂದ ಎರಡನೆಯ ವರದಿ ಹೋಯಿತು. ಏಪ್ರಿಲ್ 21ರಂದು 356ನೆಯ ವಿಧಿಯಡಿ ಘೋಷಣೆ ಹೊರಟು ಸರ್ಕಾರ ವಜಾಗೊಂಡಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಎಲ್ಲರೂ ಎಣಿಸಬಹುದಾಗಿದ್ದ ತಲೆಗಳ ಬದಲು ಒಬ್ಬರು ಎಣಿಸಿದ ಪತ್ರಗಳು ಒಂದು ಸರ್ಕಾರದ ಹಣೆಬರಹವನ್ನು ನಿರ್ಧರಿಸಿದವು.

ಕರ್ನಾಟಕ ಉಚ್ಚ ನ್ಯಾಯಾಲಯ ಬೊಮ್ಮಾಯಿಯವರ ಅರ್ಜಿಯನ್ನು ವಜಾಮಾಡಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಇತರ ರಾಜ್ಯಗಳ ಪ್ರಕರಣಗಳೊಡನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 1994ರ ಮಾರ್ಚ್ 11ರಂದು ಹೊರಬಿದ್ದ ತೀರ್ಪು ಮೂರು ಮುಖ್ಯ ನಿಯಮಗಳನ್ನು ನೆಲೆಗೊಳಿಸಿತು. ಸರ್ಕಾರದ ಬಹುಮತವನ್ನು ಪರೀಕ್ಷಿಸಬೇಕಾದದ್ದು ಸದನದಲ್ಲಿ. ಅದು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. 356ನೆಯ ವಿಧಿಯ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದ ಘೋಷಣೆ ಅಸಾಂವಿಧಾನಿಕವಾಗಿತ್ತೆಂದು ಬಹುಮತದ ತೀರ್ಪು ಹೇಳಿತು. ಆ ವೇಳೆಗೆ ರಾಜ್ಯದಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರಗಳು ಬಂದಿದ್ದವು. ಬೊಮ್ಮಾಯಿಯವರಿಗೆ ದಕ್ಕಿದ್ದು ಅಧಿಕಾರವಲ್ಲ, ನ್ಯಾಯಶಾಸ್ತ್ರದಲ್ಲಿ ಉಳಿಯುವ ಹೆಸರು. ಅವರು ತೀರಿಕೊಂಡ 2007ರ ಅಕ್ಟೋಬರಿನಲ್ಲಿಯೇ ರಾಜ್ಯ ಮತ್ತೊಮ್ಮೆ ರಾಷ್ಟ್ರಪತಿ ಆಳ್ವಿಕೆಗೆ ಒಳಗಾಯಿತು.

ತೀರ್ಪಿನ ಪರಿಣಾಮ ಮುಂದಿನ ಬಿಕ್ಕಟ್ಟುಗಳಲ್ಲಿ ಕಾಣುತ್ತದೆ. 2010ರ ಅಕ್ಟೋಬರ್ 11ರ ವಿಶ್ವಾಸಮತದ ಗೊಂದಲದ ನಂತರ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರೂ, ಕೊನೆಗೆ ವಿಷಯ ಮತ್ತೆ ಸದನಕ್ಕೇ ಬಂತು. 14ರಂದು ನಡೆದ ಎರಡನೆಯ ಮತದಾನದಲ್ಲಿ ಯಡಿಯೂರಪ್ಪನವರ ಸರ್ಕಾರ 106–100ರಿಂದ ಉಳಿಯಿತು. 2018ರಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದಿದ್ದಾಗ ರಾಜ್ಯಪಾಲ ವಜುಭಾಯಿ ವಾಲಾ 104 ಸ್ಥಾನ ಗಳಿಸಿದ್ದ ಪಕ್ಷದ ನಾಯಕರನ್ನು ಆಹ್ವಾನಿಸಿ, ಬಹುಮತ ಸಾಬೀತಿಗೆ 15 ದಿನಗಳ ಕಾಲಾವಕಾಶ ನೀಡಿದರು. ಸರ್ವೋಚ್ಚ ನ್ಯಾಯಾಲಯ ಮೇ 19ರಂದೇ ಪರೀಕ್ಷೆ ನಡೆಯಬೇಕೆಂದು ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿಗಳು ರಾಜೀನಾಮೆ ಘೋಷಿಸಿದರು. ಎರಡು ಪ್ರಸಂಗಗಳಲ್ಲಿ ರಾಜ್ಯಪಾಲರ ಒಲವುಗಳ ದಿಕ್ಕು ಬೇರೆಬೇರೆಯೆಂದು ವಿರೋಧಿಗಳು ದೂರಿದರು. ಎರಡರಲ್ಲಿಯೂ ಕೊನೆಯ ಮಾತು ಸದನದ್ದೇ ಆಯಿತು.

ಹಾಗೆಂದು ಈ ಪದವಿಯ ಹೊಣೆಗಳೆಲ್ಲ ವಿವಾದದವೇ ಅಲ್ಲ. 2012ರ 98ನೆಯ ತಿದ್ದುಪಡಿಯಿಂದ ಬಂದ 371-ಜೆ ವಿಧಿ, ಹೈದರಾಬಾದ್ ಕರ್ನಾಟಕ ಎನಿಸಿದ್ದ ಇಂದಿನ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿ, ಅನುದಾನ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿನ ಮೀಸಲಾತಿಗಳ ವಿಚಾರದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಲು ಅವಕಾಶ ಕಲ್ಪಿಸಿತು. ಒಂದು ಕಾಲಕ್ಕೆ ಬೇರೊಬ್ಬ ರಾಜಪ್ರಮುಖರ ಕೆಳಗಿದ್ದು, ತಡವಾಗಿ ಕನ್ನಡ ರಾಜ್ಯವನ್ನು ಸೇರಿದ ಪ್ರದೇಶದ ಹಿಂದುಳಿಕೆಯನ್ನು ನೀಗಿಸುವ ಕಾರ್ಯದಲ್ಲಿ ಪೊರೆಯುವವನೆಂಬ ಮೂಲಾರ್ಥಕ್ಕೆ ಇಲ್ಲಿ ಬೆಲೆ ಬಂದಿದೆ.

ಒಡೆಯರಿಂದ ಮೊದಲ್ಗೊಂಡ ಈ ಚರಿತ್ರೆ ತಿಳಿಸುವುದೇನೆಂದರೆ, ರಾಜ್ಯಪಾಲರ ಘನತೆ ಹೆಚ್ಚಿದ್ದು ಅವರು ಅಧಿಕಾರ ಚಲಾಯಿಸಿದಾಗ ಅಲ್ಲ, ತೀರ್ಮಾನವನ್ನು ಅದು ಸಲ್ಲಬೇಕಾದ ಜಾಗಕ್ಕೆ ಒಪ್ಪಿಸಿದಾಗ. ಬಂಕೆಯನಂತಹ ಪ್ರಾಂತಾಧಿಪತಿಗೆ ಚಕ್ರವರ್ತಿಯ ಮೆಚ್ಚುಗೆಯೇ ಪ್ರಮಾಣವಾಗಿತ್ತು. ಇಂದಿನ ರಾಜ್ಯಪಾಲರ ನೇಮಕಾತಿ ದೆಹಲಿಯಿಂದ ಬಂದರೂ ಅವರ ನಡೆಗೆ ಪ್ರಮಾಣವಾಗಿರುವುದು ವಿಧಾನಸೌಧದಲ್ಲಿ ಎಣಿಕೆಯಾಗುವ ಮತಗಳು. ಆ ಎಣಿಕೆಗೆ ಬಾಗಿಲು ತೆರೆದಿಟ್ಟು ಕಾಯುವುದೇ ಪಾಲಕನ ಕೆಲಸ.