ಫಿಯೊಕ್ರೊಮೊಸೈಟೋಮ
ಮೂತ್ರಪಿಂಡದ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲಿ ಬೆಳೆಯುವ ವಿರಳ ಗಡ್ಡೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳನ್ನು ಮಿತಿಮೀರಿ ಸ್ರವಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಕೆಲವರಲ್ಲಿ ಸದಾಕಾಲ, ಕೆಲವರಲ್ಲಿ ಬಿಟ್ಟುಬಿಟ್ಟು. ತಲೆನೋವು, ವಿಪರೀತ ಬೆವರು, ಜೋರು ಎದೆಬಡಿತ ಒಟ್ಟಿಗೇ ಬಂದು ಹೋಗುವುದು ಮುಖ್ಯ ಸುಳಿವು. ಇದನ್ನು ಬರಿಯ ಗಾಬರಿಯೆಂದು ತಳ್ಳಿಹಾಕುವುದು ಅಪಾಯ.

1886ರಲ್ಲಿ ಜರ್ಮನಿಯ ಫೆಲಿಕ್ಸ್ ಫ್ರ್ಯಾಂಕೆಲ್ ಹದಿನೆಂಟರ ಯುವತಿಯೊಬ್ಬಳಲ್ಲಿ ಇದನ್ನು ವರ್ಣಿಸಿದರು. 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ, ಅಮೆರಿಕದ ಚಾರ್ಲ್ಸ್ ಮೇಯೊ ಇಂಥ ಗಡ್ಡೆಗಳನ್ನು ಯಶಸ್ವಿಯಾಗಿ ತೆಗೆದರು.

ರಕ್ತದಲ್ಲಿ ಅಥವಾ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ, ಈ ಹಾರ್ಮೋನುಗಳು ಒಡೆದು ಉಂಟಾಗುವ ಮೆಟಾನೆಫ್ರಿನ್ ಅಳೆದು, ಬಳಿಕ ಸಿ.ಟಿ. ಸ್ಕ್ಯಾನ್ ಮಾಡಿ ಪತ್ತೆಹಚ್ಚುತ್ತಾರೆ. ಗದಗ ಜಿಲ್ಲೆಯ ಅಬ್ಬಿಗೇರಿಯಂಥ ಊರಿನಲ್ಲಿ ಮೊದಲ ಅನುಮಾನ ಮೂಡಬೇಕಾದದ್ದು ಬಿ.ಪಿ. ನೋಡುವವರಿಗೇ; ಹರೆಯದಲ್ಲೇ ಬಿ.ಪಿ. ಏರಿದ್ದರೆ, ಮೂರು ಬಗೆಯ ಮಾತ್ರೆಗೂ ಇಳಿಯದಿದ್ದರೆ ಗದಗ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸುವುದು ಲೇಸು.

ಚಿಕಿತ್ಸೆ ಶಸ್ತ್ರಕ್ರಿಯೆ. ಅದಕ್ಕೆ ಮುನ್ನ ಒಂದೆರಡು ವಾರ ಆಲ್ಫಾ ತಡೆಮದ್ದು ಕೊಟ್ಟು ರಕ್ತನಾಳಗಳನ್ನು ಸಡಿಲಿಸಬೇಕು. ಬೀಟಾ ತಡೆಮದ್ದನ್ನು ಮೊದಲೇ ಕೊಟ್ಟರೆ ಒತ್ತಡ ಒಮ್ಮೆಲೇ ಜಿಗಿದು ಪ್ರಾಣಕ್ಕೆ ಎರವಾಗಬಹುದು. ಈ ಅನುಕ್ರಮ ತಪ್ಪಬಾರದು. ಸುಮಾರು ಮೂರನೇ ಒಂದು ಪಾಲು ರೋಗಿಗಳಲ್ಲಿ ಕಾರಣ ಆನುವಂಶಿಕ. ಆದ್ದರಿಂದ ಅಂಥ ರೋಗಿಗಳ ಮನೆಯವರನ್ನೂ ಪರೀಕ್ಷಿಸಬೇಕು.